ಎಣಿಕೆ ಇತ್ತು, ಹೋಲಿಕೆ ಇರಲಿಲ್ಲ: ಹಾಸನದ ಹೃದಯಾಘಾತ ಸುದ್ದಿಯನ್ನು ಮತ್ತೆ ಓದಿದಾಗ

2025ರ ಜೂನ್ ಕೊನೆಯಲ್ಲಿ ಕನ್ನಡದ ಯಾವ ನ್ಯೂಸ್ ಚಾನೆಲ್ ಹಾಕಿದರೂ ತೆರೆಯ ಕೆಳಗೆ ಒಂದು ಲೆಕ್ಕ ಓಡುತ್ತಿತ್ತು. ಹಾಸನದಲ್ಲಿ ಹೃದಯಾಘಾತಕ್ಕೆ ಮತ್ತೊಂದು ಬಲಿ. ಬೆಳಿಗ್ಗೆ ಒಂದು ಸಂಖ್ಯೆ, ಸಂಜೆಗೆ ಅದಕ್ಕಿಂತ ಒಂದು ಜಾಸ್ತಿ. ಸುಮಾರು 40 ದಿನಗಳಲ್ಲಿ 20ಕ್ಕೂ ಹೆಚ್ಚು ಜನ ಸತ್ತಿದ್ದಾರೆ, ಅವರಲ್ಲಿ ತುಂಬಾ ಜನ ಚಿಕ್ಕ ವಯಸ್ಸಿನವರು ಅನ್ನುವುದು ಸುದ್ದಿಯ ತಿರುಳು. ಜುಲೈ 1ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಈ ಬಗ್ಗೆ ಪೋಸ್ಟ್ ಹಾಕಿದರು. ಜಯದೇವ ಹೃದ್ರೋಗ ಸಂಸ್ಥೆಯ ನಿರ್ದೇಶಕ ಡಾ. ಕೆ.ಎಸ್. ರವೀಂದ್ರನಾಥ್ ನೇತೃತ್ವದ ತಜ್ಞರ ಸಮಿತಿಗೆ ಅಧ್ಯಯನ ವಹಿಸಿದ್ದನ್ನು ತಿಳಿಸಿದರು. ಎದೆನೋವು, ಉಸಿರಾಟದ ತೊಂದರೆ ಇದ್ದರೆ ಹತ್ತಿರದ ಆರೋಗ್ಯ ಕೇಂದ್ರಕ್ಕೆ ಹೋಗಿ ಅಂತಲೂ ಹೇಳಿದರು. ಅದರ ಜೊತೆಗೇ, ಕೋವಿಡ್ ಲಸಿಕೆಗೆ ಆತುರದಲ್ಲಿ ಅನುಮತಿ ಕೊಟ್ಟು ಜನರಿಗೆ ಹಂಚಿದ್ದೂ ಈ ಸಾವುಗಳಿಗೆ ಒಂದು ಕಾರಣ ಇರಬಹುದು ಅನ್ನುವ ಮಾತನ್ನೂ ಅವರು ಸೇರಿಸಿದರು.

ಮರುದಿನವೇ ಕೇಂದ್ರ ಆರೋಗ್ಯ ಸಚಿವಾಲಯ ಉತ್ತರ ಕೊಟ್ಟಿತು. ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಮತ್ತು ದೆಹಲಿಯ ಏಮ್ಸ್ ಆಸ್ಪತ್ರೆ ನಡೆಸಿದ ಅಧ್ಯಯನಗಳ ಪ್ರಕಾರ ಲಸಿಕೆಗೂ ಹಠಾತ್ ಸಾವಿಗೂ ನೇರ ಸಂಬಂಧವಿಲ್ಲ ಅಂತ. ಅಲ್ಲಿಂದ ಮುಂದೆ ಸ್ಟುಡಿಯೊಗಳಲ್ಲಿ ನಡೆದದ್ದು ರಾಜ್ಯ ಮತ್ತು ಕೇಂದ್ರದ ಜಗಳ. ಹಾಸನದ ಹೃದಯಗಳು ಚರ್ಚೆಯಿಂದ ಹೆಚ್ಚುಕಮ್ಮಿ ಹೊರಗೇ ಉಳಿದವು.

ವಿಜ್ಞಾನದ ಸುದ್ದಿಗಳನ್ನು ಬಹಳ ವರ್ಷದಿಂದ ಆಸಕ್ತಿಯಿಂದ ಓದುತ್ತಾ, ಆಗಾಗ ಬರೆಯುತ್ತಾ ಬಂದವನು ನಾನು. ಈ ಪ್ರಕರಣ ನನ್ನನ್ನು ಬಿಟ್ಟೇ ಇಲ್ಲ. ಯಾಕೆಂದರೆ ಇಲ್ಲಿ ಯಾರೂ ದೊಡ್ಡ ಸುಳ್ಳು ಹೇಳಲಿಲ್ಲ. ಸತ್ತವರು ನಿಜವಾಗಿ ಸತ್ತಿದ್ದರು. ವರದಿಗಾರರು ಕಟ್ಟುಕಥೆ ಬರೆದಿರಲಿಲ್ಲ. ಲಸಿಕೆಗೆ ಅನುಮತಿ ಕೊಡುವಾಗ ಆತುರ ಇತ್ತು ಅನ್ನುವುದಕ್ಕೂ ಒಂದಿಷ್ಟು ಆಧಾರ ಇದೆ. ಆದರೂ ಇಷ್ಟು ನಿಜಗಳು ಸೇರಿ ಜನರನ್ನು ತಪ್ಪು ಕಡೆಗೆ ಓಡಿಸಿದವು. ಅದು ಹೇಗಾಯಿತು ಅನ್ನುವುದನ್ನು ನಿಧಾನವಾಗಿ ನೋಡಬೇಕು.

ಮೊದಲು ಆ ಸಂಖ್ಯೆಯನ್ನೇ ತೆಗೆದುಕೊಳ್ಳೋಣ. 40 ದಿನಕ್ಕೆ 20 ಚಿಲ್ಲರೆ ಸಾವು. ಇದು ಜಾಸ್ತಿಯಾ, ಕಡಿಮೆಯಾ? ಕೇಳಿದ ತಕ್ಷಣ ಜಾಸ್ತಿ ಅನ್ನಿಸುತ್ತದೆ. ಆದರೆ ಯಾವುದಕ್ಕಿಂತ ಜಾಸ್ತಿ?

ಹಾಸನ ಜಿಲ್ಲೆಯ ಜನಸಂಖ್ಯೆ 2011ರ ಜನಗಣತಿ ಪ್ರಕಾರ 17.76 ಲಕ್ಷ. ವರ್ಷಕ್ಕೆ 1,000 ಜನರಲ್ಲಿ 6 ಜನ ಸಾಯುತ್ತಾರೆ ಅಂತ ಸ್ವಲ್ಪ ಕಡಿಮೆಯೇ ಹಿಡಿಯೋಣ. ಹಾಗೆ ಹಿಡಿದರೂ ವರ್ಷಕ್ಕೆ 10,600 ಸಾವುಗಳಾಗುತ್ತವೆ. ದಿನಕ್ಕೆ ಸುಮಾರು 29. ಅಂದರೆ 40 ದಿನದಲ್ಲಿ 1,160ರ ಆಸುಪಾಸು. ನಮ್ಮ ದೇಶದಲ್ಲಿ ಹೃದಯ ಮತ್ತು ರಕ್ತನಾಳದ ಕಾಯಿಲೆಗಳ ಪಾಲು ಒಟ್ಟು ಸಾವುಗಳಲ್ಲಿ ಕಾಲು ಭಾಗಕ್ಕಿಂತ ಹೆಚ್ಚು. 2016ರ ಅಂದಾಜಿನಲ್ಲಿ ಅದು ಶೇ 28. ಕಾಲು ಭಾಗ ಅಂತಲೇ ಇಟ್ಟುಕೊಂಡರೂ, ಏನೂ ವಿಶೇಷ ನಡೆಯದ 40 ದಿನಗಳಲ್ಲಿ ಹಾಸನ ಜಿಲ್ಲೆಯಲ್ಲಿ ಹೃದಯ, ರಕ್ತನಾಳದ ಕಾಯಿಲೆಯಿಂದ ಸಾಯುವವರು 290ರಷ್ಟು ಜನ. ಅವರಲ್ಲಿ ವಯಸ್ಸಾದವರೇ ಜಾಸ್ತಿ, ನಿಜ. ಹತ್ತರಲ್ಲಿ ಒಬ್ಬರು ಮಾತ್ರ 45ರೊಳಗಿನವರು ಅಂತ ಸುಮ್ನೆ ಅಂದುಕೊಂಡರೂ 29 ಆಗುತ್ತದೆ.

ಇದು ಕಾಗದದ ಮೇಲಿನ ಅಂದಾಜು. ಹಾಸನದಲ್ಲಿ ಹೃದಯಾಘಾತ ಹೆಚ್ಚಾಗಿಲ್ಲ ಅಂತ ಇದರಿಂದ ಸಾಬೀತಾಗುವುದಿಲ್ಲ. ಟಿವಿಯ ಪಟ್ಟಿಗೆ ಬಂದದ್ದು ದೊಡ್ಡ ಗುಂಪಿನ ಒಂದು ಚಿಕ್ಕ ಚೂರು, ಬರೀ ಅದನ್ನಿಟ್ಟುಕೊಂಡು ಹೆಚ್ಚು ಅಂತಲೂ ಹೇಳಲಾಗದು, ಕಡಿಮೆ ಅಂತಲೂ ಹೇಳಲಾಗದು ಅನ್ನುವುದಷ್ಟೇ ಇದರಿಂದ ಗೊತ್ತಾಗುತ್ತದೆ. ಹೇಳಬೇಕಾದರೆ ಹಿಂದಿನ ವರ್ಷದ ಮೇ, ಜೂನ್ ತಿಂಗಳ ಲೆಕ್ಕ ಬೇಕು. ಅದರ ಹಿಂದಿನ ವರ್ಷದ್ದೂ ಬೇಕು. ಪಕ್ಕದ ಮಂಡ್ಯ, ಚಿಕ್ಕಮಗಳೂರು, ತುಮಕೂರಿನ ಲೆಕ್ಕವೂ ಬೇಕು. ಆ ವಾರಗಳಲ್ಲಿ ನಾನು ನೋಡಿದ ಯಾವ ಬುಲೆಟಿನ್‌ನಲ್ಲೂ ಅದು ಇರಲಿಲ್ಲ. ಎಣಿಸುವ ಕೆಲಸ ಭರದಿಂದ ನಡೆಯಿತು. ಹೋಲಿಸುವ ಕೆಲಸ ಶುರುವೇ ಆಗಲಿಲ್ಲ.

ಎಣಿಕೆ ಒಮ್ಮೆ ಶುರುವಾದರೆ ತಾನಾಗಿಯೇ ಬೆಳೆಯುತ್ತದೆ. ಸುದ್ದಿಮನೆಯ ಒಳಗೆ ಇದು ಹೇಗೆ ನಡೆಯುತ್ತದೆ ಅಂತ ಬಲ್ಲವರಿಗೆ ಗೊತ್ತು. ಮೊದಲ ನಾಲ್ಕೈದು ಸಾವು ಸುದ್ದಿಯಾದ ಮೇಲೆ ಡೆಸ್ಕ್‌ನಿಂದ ಜಿಲ್ಲಾ ವರದಿಗಾರರಿಗೆ ಫೋನ್ ಹೋಗುತ್ತದೆ. ಇಂಥದ್ದು ಇನ್ನೂ ಇದ್ದರೆ ಕಳಿಸಿ ಅಂತ. ಅವರು ತಾಲ್ಲೂಕಿನವರಿಗೆ ಹೇಳುತ್ತಾರೆ. ಮೊದಲಾಗಿದ್ದರೆ ಊರಿನ ಸಮುದಾಯ ಭವನದ ಫ್ಲೆಕ್ಸ್‌ನಲ್ಲಿ ಮುಗಿಯುತ್ತಿದ್ದ ಒಂದು ಸಾವು ಈಗ ರಾಜ್ಯಮಟ್ಟದ ಸುದ್ದಿ. ಹೀಗಾಗಿ ಸಾವುಗಳು ಮೊದಲಿನಷ್ಟೇ ಇದ್ದರೂ ಸುದ್ದಿಗಳು ಹೆಚ್ಚುತ್ತವೆ. ನೋಡುವವರಿಗೆ ಸಾವೇ ಹೆಚ್ಚಾದ ಹಾಗೆ ಕಾಣುತ್ತದೆ. ಸ್ವಲ್ಪ ದಿನಕ್ಕೆ ಬೇರೆ ಜಿಲ್ಲೆಗಳಿಂದಲೂ ಇಂಥವೇ ಸುದ್ದಿ ಬರತೊಡಗಿದವು. ಆಗ ಅದು ಕಾಯಿಲೆ ಹರಡುತ್ತಿದೆ ಅನ್ನುವ ಧಾಟಿಗೆ ತಿರುಗಿತು. ಹೃದಯಾಘಾತ ಒಬ್ಬರಿಂದ ಒಬ್ಬರಿಗೆ ಹರಡುವ ಕಾಯಿಲೆಯಲ್ಲ ಅಂತ ಎಲ್ಲರಿಗೂ ಗೊತ್ತು. ಆದರೂ ಸುದ್ದಿಯ ಓಟ ಸಾಂಕ್ರಾಮಿಕದ ಓಟದಂತೆಯೇ ಇತ್ತು.

ಇದಕ್ಕೆ ಬರೀ ವರದಿಗಾರರನ್ನು ದೂರುವುದು ನನಗೆ ಸರಿ ಕಾಣುವುದಿಲ್ಲ. ಹಳ್ಳಿಯಲ್ಲಿ 32 ವರ್ಷದ ಹುಡುಗ ಕುಸಿದು ಬಿದ್ದು ಸತ್ತರೆ ಅದು ಸುದ್ದಿಯೇ. ಅವರಮ್ಮ ಅಳುತ್ತಿರುವಾಗ ಜನಸಂಖ್ಯೆಯ ಲೆಕ್ಕ ಹಾಕು ಅಂತ ಯಾರಿಗೂ ಹೇಳಲಾಗುವುದಿಲ್ಲ. ಆದರೆ ಬೆಂಗಳೂರಿನ ಡೆಸ್ಕ್‌ನಲ್ಲಿ ಕೂತವರಿಗೆ ಆ ಕೆಲಸ ಇತ್ತು. ಆರೋಗ್ಯ ಇಲಾಖೆಗೆ ಅವರಿಗಿಂತ ಜಾಸ್ತಿ ಇತ್ತು. ಹಾಸನದಲ್ಲಿ ಕಳೆದ ಮೂರು ವರ್ಷದ ಮೇ, ಜೂನ್ ತಿಂಗಳಲ್ಲಿ ಎಷ್ಟು ಜನ ಹೃದಯದ ಕಾಯಿಲೆಯಿಂದ ಸತ್ತರು ಅಂತ ಒಂದೇ ಒಂದು ಪುಟದ ಕೋಷ್ಟಕ ಮೊದಲ ವಾರದಲ್ಲೇ ಕನ್ನಡದಲ್ಲಿ ಬಂದಿದ್ದರೆ ಚರ್ಚೆಯ ದಾರಿಯೇ ಬೇರೆ ಆಗುತ್ತಿತ್ತು.

ಆ ಕೋಷ್ಟಕ ಯಾಕೆ ಬರಲಿಲ್ಲ ಅಂದರೆ, ಅಂಥ ಲೆಕ್ಕ ನಮ್ಮಲ್ಲಿ ಗಟ್ಟಿಯಾಗಿ ಇಲ್ಲ. ಇದು ಜನರಿಗೆ ಅಷ್ಟಾಗಿ ಗೊತ್ತಿಲ್ಲದ ಸಂಗತಿ. ಸಾವಿನ ನೋಂದಣಿ ಬೇರೆ, ಸಾವಿನ ಕಾರಣವನ್ನು ವೈದ್ಯರು ಬರೆದುಕೊಡುವುದು ಬೇರೆ. 2020ರಲ್ಲಿ ದೇಶದಲ್ಲಿ ನೋಂದಣಿಯಾದ ಸಾವುಗಳು ಸುಮಾರು 81 ಲಕ್ಷ. ಅವುಗಳಲ್ಲಿ ವೈದ್ಯರು ಕಾರಣ ದೃಢಪಡಿಸಿದ್ದು ಶೇ 22.5 ಮಾತ್ರ. ಉಳಿದ ಮುಕ್ಕಾಲು ಭಾಗಕ್ಕಿಂತ ಹೆಚ್ಚು ಜನ ಯಾವುದರಿಂದ ಸತ್ತರು ಅನ್ನುವುದಕ್ಕೆ ವೈದ್ಯರ ಬರಹ ಇಲ್ಲ. ಮನೆಯಲ್ಲಿ ಸತ್ತರೆ ಅಂತ್ಯಸಂಸ್ಕಾರ ಮುಗಿಸುತ್ತೇವೆ. ಮರಣೋತ್ತರ ಪರೀಕ್ಷೆ ಅಂದರೆ ಹೆಣ ಕೊಯ್ಯುತ್ತಾರೆ ಅಂತ ಬೇಡ ಅನ್ನುತ್ತೇವೆ. ಚೆನ್ನಾಗಿದ್ದವರು ದಿಢೀರ್ ಅಂತ ಕುಸಿದು ಹೋದರೆ 'ಹಾರ್ಟ್ ಅಟ್ಯಾಕ್' ಅಂತ ಮನೆಯವರೇ ತೀರ್ಮಾನ ಮಾಡುತ್ತಾರೆ. ಮೆದುಳಿನ ರಕ್ತಸ್ರಾವ ಇರಬಹುದು, ಶ್ವಾಸಕೋಶದ ರಕ್ತನಾಳದಲ್ಲಿ ಹೆಪ್ಪು ಸಿಕ್ಕಿಕೊಂಡಿರಬಹುದು, ಹುಟ್ಟಿನಿಂದಲೇ ಇದ್ದ ಹೃದಯದ ಲಯದ ತೊಂದರೆ ಇರಬಹುದು. ತೆರೆದು ನೋಡದೆ ಹೇಳುವುದು ಕಷ್ಟ. ಟಿವಿಯ ಪಟ್ಟಿ ನಿಂತಿದ್ದು ಇಂಥ ತೀರ್ಮಾನಗಳ ಮೇಲೆ.

ತಜ್ಞರ ಸಮಿತಿ ಜುಲೈನಲ್ಲಿ ವರದಿ ಕೊಟ್ಟಾಗ ಇದು ಎದ್ದು ಕಂಡಿತು. ಅವರು ಪರಿಶೀಲಿಸಿದ್ದು 24 ಸಾವು. ಅವುಗಳಲ್ಲಿ 4 ಹೃದಯಕ್ಕೆ ಸಂಬಂಧಿಸಿದವೇ ಅಲ್ಲ. ಕಿಡ್ನಿ ಕಾಯಿಲೆ, ರಸ್ತೆ ಅಪಘಾತ, ಕರೆಂಟ್ ಹೊಡೆದದ್ದು, ಹೀಗೆ. ಉಳಿದ 20ರಲ್ಲೂ ಮರಣೋತ್ತರ ಪರೀಕ್ಷೆ, ಇಸಿಜಿ, ಆಂಜಿಯೊಗ್ರಾಮ್‌ನಂಥ ಆಧಾರ ಇದ್ದವು ಕೆಲವು ಮಾತ್ರ. ಮಿಕ್ಕವು 'ಹೃದಯಾಘಾತ ಇರಬಹುದು' ಅನ್ನುವ ಗುಂಪಿನವು. ಸತ್ತವರಲ್ಲಿ ಬಹಳ ಜನಕ್ಕೆ ಬಿಪಿ, ಸಕ್ಕರೆ ಕಾಯಿಲೆ, ಬೊಜ್ಜು, ಸಿಗರೇಟು, ಕುಡಿತ, ಮನೆತನದಲ್ಲಿ ಹೃದ್ರೋಗ, ಇವುಗಳಲ್ಲಿ ಒಂದಾದರೂ ಇತ್ತು. ಸುಮಾರು ಶೇ 30ರಷ್ಟು ಜನ ಆಟೊ, ಕ್ಯಾಬ್ ಓಡಿಸುವವರು. ಹಾಸನದಲ್ಲಿ ಹೃದಯಾಘಾತ ಹಿಂದಿಗಿಂತ ಹೆಚ್ಚಾಗಿದೆ ಅನ್ನುವುದಕ್ಕೆ ಪುರಾವೆ ಸಿಕ್ಕಿಲ್ಲ ಅಂತ ಆರೋಗ್ಯ ಸಚಿವ ದಿನೇಶ್ ಗುಂಡೂರಾವ್ ಹೇಳಿದರು.

ಈ ವರದಿ ಬಂದ ದಿನ ಅದಕ್ಕೆ ಸಿಕ್ಕ ಜಾಗವನ್ನೂ, ಮೊದಲ ಹತ್ತು ಸಾವುಗಳಿಗೆ ಸಿಕ್ಕ ಜಾಗವನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಬೇಜಾರಾಗುತ್ತದೆ. ರಸ್ತೆ ಅಪಘಾತದ ಒಂದು ಸಾವು ಹೃದಯಾಘಾತದ ಪಟ್ಟಿಯಲ್ಲಿ ಇತ್ತು ಅನ್ನುವುದೇ ಮುಖಪುಟದ ಸುದ್ದಿ ಆಗಬೇಕಿತ್ತು ಅಂತ ನನಗನಿಸುತ್ತದೆ.

ಇನ್ನು ಲಸಿಕೆಯ ವಿಷಯ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಜನರ ಮನಸ್ಸಿನಲ್ಲಿ ಇದು ಇನ್ನೂ ಕೂತಿದೆ.

ಸತ್ತವರೆಲ್ಲ ಲಸಿಕೆ ಹಾಕಿಸಿಕೊಂಡವರೇ ಅಲ್ವಾ ಅಂತ ಕೇಳುತ್ತಾರೆ. ಹೌದು. ಜಯದೇವ ಆಸ್ಪತ್ರೆಯಲ್ಲಿ 2025ರ ಏಪ್ರಿಲ್, ಮೇ ತಿಂಗಳಲ್ಲಿ ದಾಖಲಾದ 251 ರೋಗಿಗಳನ್ನು ಗಮನಿಸಿ ಒಂದು ಅಧ್ಯಯನ ಮಾಡಿದ್ದಾರೆ. ಅವರಲ್ಲಿ ಹೆಚ್ಚುಕಡಿಮೆ ಎಲ್ಲರೂ ಲಸಿಕೆ ಪಡೆದವರೇ. ಇದನ್ನು ಕೇಳಿದರೆ ಬೆಚ್ಚಿಬೀಳುವ ಹಾಗಿದೆ. ಆದರೆ ದೇಶದಲ್ಲಿ 220 ಕೋಟಿಗೂ ಹೆಚ್ಚು ಡೋಸ್ ಕೊಟ್ಟಾಗಿದೆ. ವಯಸ್ಕರಲ್ಲಿ ಲಸಿಕೆ ಪಡೆಯದವರನ್ನು ಹುಡುಕಬೇಕು. ಸತ್ತವರಲ್ಲಿ ಹೆಚ್ಚುಕಡಿಮೆ ಎಲ್ಲರ ಹತ್ತಿರ ಆಧಾರ್ ಕಾರ್ಡ್ ಕೂಡ ಇತ್ತು. ಅದಕ್ಕೇ ಸತ್ತರು ಅಂತ ಯಾರೂ ಹೇಳುವುದಿಲ್ಲ. ಎಲ್ಲರಲ್ಲೂ ಇರುವ ಒಂದು ಸಂಗತಿ ಸತ್ತವರಲ್ಲೂ ಇರುತ್ತದೆ. ಹಾಗಾಗಿ ಸತ್ತವರನ್ನು ಮಾತ್ರ ನೋಡಿದರೆ ಉತ್ತರ ಸಿಗುವುದಿಲ್ಲ. ಅದೇ ವಯಸ್ಸಿನ, ಅದೇ ಊರಿನ, ಬದುಕಿರುವವರನ್ನೂ ನೋಡಬೇಕು. ಸತ್ತವರಿಗಿಂತ ಬದುಕಿರುವವರಲ್ಲಿ ಲಸಿಕೆ ಪಡೆದವರ ಪಾಲು ಕಡಿಮೆ ಇದೆಯಾ ಅಂತ ನೋಡಬೇಕು. ಇದ್ದರೆ ಅನುಮಾನ ಗಟ್ಟಿ. ಇಲ್ಲದಿದ್ದರೆ ಬೇರೆ ಕಡೆ ಹುಡುಕಬೇಕು.

ಐಸಿಎಂಆರ್ ಮಾಡಿದ್ದು ಇದನ್ನೇ. 2023ರ ಮೇ ತಿಂಗಳಿಂದ ಆಗಸ್ಟ್‌ವರೆಗೆ ದೇಶದ 47 ಆಸ್ಪತ್ರೆಗಳ ಮೂಲಕ ಈ ಕೆಲಸ ನಡೆಯಿತು. 2021ರ ಅಕ್ಟೋಬರ್‌ನಿಂದ 2023ರ ಮಾರ್ಚ್‌ವರೆಗೆ ಹಠಾತ್ತಾಗಿ ಸತ್ತ, 18ರಿಂದ 45 ವರ್ಷದ, ನೋಡೋಕೆ ಆರೋಗ್ಯವಾಗಿಯೇ ಇದ್ದ 729 ಜನರ ವಿವರ ತೆಗೆದುಕೊಂಡರು. ಒಬ್ಬೊಬ್ಬರಿಗೂ ನಾಲ್ಕು ಜನರಂತೆ, ಅದೇ ವಯಸ್ಸಿನ, ಅದೇ ಲಿಂಗದ, ಅದೇ ಬಡಾವಣೆ ಅಥವಾ ಹಳ್ಳಿಯ 2,916 ಜನರ ವಿವರವನ್ನೂ ತೆಗೆದುಕೊಂಡರು. ಮನೆಮನೆಗೆ ಹೋಗಿ, ಸತ್ತವರ ಮನೆಯವರ ಜೊತೆ ಕೂತು, ಕೊನೆಯ 48 ಗಂಟೆಯಲ್ಲಿ ಏನು ಮಾಡಿದ್ದರು, ಕುಡಿದಿದ್ದರಾ, ಭಾರೀ ಶ್ರಮದ ಕೆಲಸ ಮಾಡಿದ್ದರಾ, ಕೋವಿಡ್ ಬಂದು ಆಸ್ಪತ್ರೆ ಸೇರಿದ್ದರಾ, ಲಸಿಕೆ ಎಷ್ಟು ಡೋಸ್ ಅಂತ ಕೇಳಿದರು.

ಸಿಕ್ಕ ಉತ್ತರ ಹೀಗಿದೆ. ಲಸಿಕೆಯಿಂದ ಹಠಾತ್ ಸಾವಿನ ಸಾಧ್ಯತೆ ಹೆಚ್ಚಾಗಿರಲಿಲ್ಲ. ಎರಡು ಡೋಸ್ ಪಡೆದವರಲ್ಲಿ ಅದು ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಿತ್ತು. ಸಾವಿನ ಹಿಂದಿನ ಎರಡು ದಿನದಲ್ಲಿ ಮಿತಿಮೀರಿ ಕುಡಿದವರಲ್ಲಿ ಸಾಧ್ಯತೆ 5 ಪಟ್ಟಿನಷ್ಟು ಹೆಚ್ಚು. ಕೋವಿಡ್‌ನಿಂದ ಆಸ್ಪತ್ರೆ ಸೇರಿದ್ದವರಲ್ಲಿ 4 ಪಟ್ಟಿನ ಹತ್ತಿರ. ಮನೆತನದಲ್ಲಿ ಹಠಾತ್ ಸಾವು ನಡೆದಿದ್ದವರಲ್ಲಿ ಎರಡೂವರೆ ಪಟ್ಟು. ಎರಡು ದಿನದೊಳಗೆ ತೀರಾ ಶ್ರಮದ ಚಟುವಟಿಕೆ ಮಾಡಿದವರಲ್ಲೂ ಹೆಚ್ಚು ಕಂಡಿತು.

ಈ ಕೊನೆಯ ಅಂಶಕ್ಕೆ ಆದದ್ದನ್ನು ನೋಡಿ. ಅಧ್ಯಯನ ಪ್ರಕಟವಾಗುವ ಮೊದಲೇ, 2023ರ ಅಕ್ಟೋಬರ್ ಕೊನೆಯಲ್ಲಿ, ಆಗಿನ ಕೇಂದ್ರ ಆರೋಗ್ಯ ಸಚಿವ ಮನ್ಸುಖ್ ಮಾಂಡವಿಯಾ ಗುಜರಾತಿನಲ್ಲಿ ಇದರ ಬಗ್ಗೆ ಮಾತಾಡಿದರು. ತೀವ್ರ ಕೋವಿಡ್ ಆಗಿದ್ದವರು ಒಂದೆರಡು ವರ್ಷ ಅತಿಯಾದ ಶ್ರಮ ಮಾಡಬಾರದು ಅಂತ. ಗರ್ಬಾ ಕುಣಿಯುತ್ತಾ ಕೆಲವರು ಸತ್ತ ಸುದ್ದಿ ಬಿಸಿಯಾಗಿದ್ದ ಹೊತ್ತು. 'ತೀವ್ರ ಕೋವಿಡ್ ಆಗಿದ್ದವರು' ಅನ್ನುವ ಭಾಗ ಸುದ್ದಿಯ ದಾರಿಯಲ್ಲಿ ಎಲ್ಲೋ ಉದುರಿಹೋಯಿತು. ಉಳಿದದ್ದು, ವ್ಯಾಯಾಮ ಮಾಡಿದರೆ ಹಾರ್ಟ್ ಅಟ್ಯಾಕ್ ಆಗುತ್ತೆ ಅನ್ನುವ ಮಾತು. ಬೆಳಗಿನ ವಾಕಿಂಗ್ ಬಿಟ್ಟ ಬಿಪಿ ರೋಗಿಗಳನ್ನು ನಾನು ಕಂಡಿದ್ದೇನೆ. ಸಚಿವರು ಮಾತಾಡುವ ಮೊದಲು ಅಧ್ಯಯನವನ್ನು ಜನರ ಮುಂದೆ ಇಟ್ಟಿದ್ದರೆ ಸುದ್ದಿ ಬರೆಯುವವರಿಗೆ ಸರಿ ನೋಡಿಕೊಳ್ಳಲು ಏನಾದರೂ ಇರುತ್ತಿತ್ತು.

ಲಸಿಕೆಯ ಪರವಾಗಿ ಮಾತಾಡುವ ನಮ್ಮಂಥವರೂ ಒಂದು ವಿಷಯದಲ್ಲಿ ಪ್ರಾಮಾಣಿಕವಾಗಿರಬೇಕು. ಜನರ ಅನುಮಾನ ಆಕಾಶದಿಂದ ಉದುರಿದ್ದಲ್ಲ. 2021ರ ಜನವರಿ 3ರಂದು ಕೋವ್ಯಾಕ್ಸಿನ್‌ಗೆ ಅನುಮತಿ ಕೊಟ್ಟಾಗ ಅದರ ಮೂರನೇ ಹಂತದ ಪ್ರಯೋಗದ ಪರಿಣಾಮಕಾರಿತ್ವದ ಫಲಿತಾಂಶ ಬಂದಿರಲಿಲ್ಲ. ಅನುಮತಿಯಲ್ಲೇ 'ಪ್ರಯೋಗದ ಮಾದರಿಯಲ್ಲಿ', ಅಂದರೆ ಪಡೆದವರ ಮೇಲೆ ನಿಗಾ ಇಟ್ಟು ಕೊಡಬೇಕು ಅನ್ನುವ ಷರತ್ತು ಇತ್ತು. ಆಗ ಅದನ್ನು ಪ್ರಶ್ನಿಸಿದ ವಿಜ್ಞಾನಿಗಳನ್ನು ದೇಶದ ವಿರುದ್ಧ ಮಾತಾಡುವವರಂತೆ ನೋಡಿದ್ದೂ ಉಂಟು. ಆತುರ ಇತ್ತು ಅನ್ನುವುದು ನ್ಯಾಯವಾದ ಟೀಕೆ. ಆದರೆ ಆತುರದಿಂದ ಅನುಮತಿ ಸಿಕ್ಕಿತು ಅನ್ನುವುದರಿಂದ, ನಾಲ್ಕು ವರ್ಷದ ನಂತರ ಹಾಸನದಲ್ಲಿ ಹೃದಯ ನಿಂತಿತು ಅನ್ನುವುದಕ್ಕೆ ದಾರಿ ಇಲ್ಲ. ಎರಡಕ್ಕೂ ಬೇರೆ ಬೇರೆ ಪುರಾವೆ ಬೇಕು.

ಆಸ್ಟ್ರಾಜೆನೆಕಾ ಕಂಪನಿಯ ಲಸಿಕೆಗೆ ನಮ್ಮಲ್ಲಿದ್ದ ಹೆಸರು ಕೋವಿಶೀಲ್ಡ್. ಅದರ ಕಥೆ ಇನ್ನೂ ಪಾಠ ಹೇಳುವಂಥದ್ದು. 2024ರ ಏಪ್ರಿಲ್‌ನಲ್ಲಿ ಬ್ರಿಟನ್ನಿನ ಒಂದು ನ್ಯಾಯಾಲಯದ ದಾಖಲೆ ಸುದ್ದಿಯಾಯಿತು. ತನ್ನ ಲಸಿಕೆಯಿಂದ ಬಹಳ ಅಪರೂಪಕ್ಕೆ ಟಿಟಿಎಸ್ ಎಂಬ ತೊಂದರೆ ಆಗಬಹುದು ಅಂತ ಆಸ್ಟ್ರಾಜೆನೆಕಾ ಕಂಪನಿ ಒಪ್ಪಿಕೊಂಡಿದೆ ಅಂತ. ಟಿಟಿಎಸ್ ಅಂದರೆ ರಕ್ತ ಹೆಪ್ಪುಗಟ್ಟುವುದರ ಜೊತೆಗೆ ಪ್ಲೇಟ್‌ಲೆಟ್ ಇಳಿಯುವುದು. ಸಾಮಾನ್ಯವಾಗಿ ಲಸಿಕೆ ಹಾಕಿಸಿಕೊಂಡ ಕೆಲವೇ ವಾರಗಳಲ್ಲಿ, ಹೆಚ್ಚಾಗಿ ಮೊದಲ ಡೋಸ್ ನಂತರ ಕಾಣಿಸುತ್ತದೆ. ವರ್ಷಗಳ ನಂತರ ಬರುವ ಹೃದಯಾಘಾತಕ್ಕೂ ಇದಕ್ಕೂ ಸಂಬಂಧವಿಲ್ಲ. ನಮ್ಮ ಅನೇಕ ಚಾನೆಲ್‌ಗಳಲ್ಲಿ ಇದು ಕಂಪನಿ ಕೊನೆಗೂ ಸತ್ಯ ಬಾಯಿಬಿಟ್ಟಿತು ಅನ್ನುವ ಸುದ್ದಿಯಾಯಿತು.

ಆದರೆ ಇದು ಮೂರು ವರ್ಷ ಹಳೆಯ ವಿಷಯ. ಯುರೋಪಿನ ಔಷಧ ಸಂಸ್ಥೆ 2021ರ ಏಪ್ರಿಲ್‌ನಲ್ಲೇ ಈ ಎಚ್ಚರಿಕೆ ಕೊಟ್ಟಿತ್ತು. ನಮ್ಮ ಆರೋಗ್ಯ ಸಚಿವಾಲಯವೂ 2021ರ ಮೇ 17ರಂದು ಪ್ರಕಟಣೆ ಹೊರಡಿಸಿತ್ತು. 498 ಗಂಭೀರ ಪ್ರಕರಣ ಪರಿಶೀಲಿಸಿದ್ದೇವೆ, 26ರಲ್ಲಿ ಹೆಪ್ಪುಗಟ್ಟುವ ತೊಂದರೆ ಇರಬಹುದು, 10 ಲಕ್ಷ ಡೋಸಿಗೆ 0.61 ಪ್ರಕರಣ, ಉಸಿರಾಟದ ತೊಂದರೆ, ಎದೆನೋವು, ಕೈಕಾಲು ಊತ ಕಂಡರೆ ಲಸಿಕೆ ಪಡೆದ ಕಡೆಗೇ ಹೋಗಿ ಹೇಳಿ ಅಂತ. ಮಾಹಿತಿ ಮುಚ್ಚಿಟ್ಟಿರಲಿಲ್ಲ. ಆದರೆ ಎರಡನೇ ಅಲೆಯ ಆ ದಿನಗಳಲ್ಲಿ, ಬೆಡ್‌ಗೆ, ಆಮ್ಲಜನಕಕ್ಕೆ ಜನ ಪರದಾಡುತ್ತಿದ್ದಾಗ, ಆ ಪ್ರಕಟಣೆ ಹಾಸನದ ಹಳ್ಳಿಗೆ ತಲುಪಲಿಲ್ಲ. ಲಸಿಕಾ ಕೇಂದ್ರದ ಗೋಡೆಯ ಮೇಲೆ ಕನ್ನಡದಲ್ಲಿ ಇದನ್ನು ಅಂಟಿಸಬೇಕಿತ್ತು. ಸಣ್ಣ ಅಪಾಯವನ್ನು ಹೇಳಿದರೆ ಜನ ಹೆದರಿ ಲಸಿಕೆ ಬಿಡುತ್ತಾರೆ ಅನ್ನುವ ಭಯದಿಂದಲೋ ಏನೋ, ಜೋರಾಗಿ ಹೇಳಲಿಲ್ಲ. ಮೂರು ವರ್ಷ ಆದ ಮೇಲೆ ನ್ಯಾಯಾಲಯದ ಬಾಗಿಲಿನಿಂದ ಅದೇ ಮಾಹಿತಿ ಬಂದಾಗ ಜನರಿಗೆ ಮೋಸ ಹೋದೆವು ಅನ್ನಿಸಿತು. ಆ ಸಿಟ್ಟು ಹಾಗೇ ಉಳಿದುಕೊಂಡಿತ್ತು. 2025ರ ಜುಲೈನಲ್ಲಿ ಮುಖ್ಯಮಂತ್ರಿಯವರ ಮಾತು ಬಿದ್ದದ್ದು ಅದರ ಮೇಲೆ.

ಇದರಿಂದಲೇ ನನಗೆ ಕೇಂದ್ರದ ಉತ್ತರದ ಧಾಟಿಯೂ ಅಷ್ಟು ಹಿಡಿಸಲಿಲ್ಲ. ತಪ್ಪು ಹೇಳಿಕೆ, ಆಧಾರ ಇಲ್ಲ, ಅಧ್ಯಯನ ಖಚಿತಪಡಿಸಿದೆ ಅಂತ ಹೇಳಿ ಮುಗಿಸಿದರು. ಅಧ್ಯಯನ ಹೇಗೆ ಮಾಡಿದರು, ಯಾರನ್ನು ಯಾರ ಜೊತೆ ಹೋಲಿಸಿದರು, ಅದರ ಮಿತಿ ಏನು ಅಂತ ಜನರ ಭಾಷೆಯಲ್ಲಿ ಹೇಳಲಿಲ್ಲ. ಮಿತಿಗಳು ಇದ್ದವು. ಸತ್ತವರ ವಿವರವನ್ನು ಮನೆಯವರ ನೆನಪಿನಿಂದ ಪಡೆಯಬೇಕಿತ್ತು. ಮಗ ಎಷ್ಟು ಕುಡಿದಿದ್ದ ಅಂತ ತಾಯಿಗೆ ಗೊತ್ತಿರಬೇಕಲ್ಲ, ಗೊತ್ತಿದ್ದರೂ ಹೇಳಬೇಕಲ್ಲ. ಇಂಥ ಮಿತಿಯನ್ನು ತಾವಾಗಿಯೇ ಹೇಳಿದವರ ಮೇಲೆ ನಂಬಿಕೆ ಹೆಚ್ಚುತ್ತದೆ ಅಂತ ನನ್ನ ಅನುಭವ. ಊರಲ್ಲಿ ಭಾಷಣಕ್ಕೆ ಹೋದಾಗ, ಇಷ್ಟು ಗೊತ್ತು, ಇಷ್ಟು ಗೊತ್ತಿಲ್ಲ ಅಂದರೆ ಜನ ಕೂತು ಕೇಳುತ್ತಾರೆ. ಎಲ್ಲಾ ಗೊತ್ತು ಅಂದರೆ ಎದ್ದು ಹೋಗುತ್ತಾರೆ.

ಆ ಜುಲೈ ಮೊದಲ ವಾರದಲ್ಲಿ ಅರಕಲಗೂಡಿನ ಕಡೆಯ ನಮ್ಮ ಸಂಬಂಧಿ ಹುಡುಗನೊಬ್ಬ ಫೋನ್ ಮಾಡಿದ್ದ. ಆಟೊ ಓಡಿಸುತ್ತಾನೆ. ವಯಸ್ಸು ನಲವತ್ತರೊಳಗೆ.

"ಅಣ್ಣ, ನಾನು ಎರಡೂ ಡೋಸ್ ಹಾಕಿಸ್ಕೊಂಡ್ಬಿಟ್ಟಿದ್ದೀನಿ. ಈಗ ಏನ್ ಮಾಡೋದು? ಜಯದೇವಕ್ಕೆ ಹೋಗಿ ತೋರಿಸ್ಕೊಂಡು ಬರ್ಲಾ?"

ಬಿಪಿ ಯಾವಾಗ ನೋಡಿಸಿದ್ದೆ ಅಂತ ಕೇಳಿದೆ. ನೋಡಿಸೇ ಇಲ್ಲ ಅಂದ. ಸಿಗರೇಟು? ದಿನಕ್ಕೆ ಒಂದು ಪ್ಯಾಕ್, ಟೆನ್ಷನ್ ಇದ್ದರೆ ಇನ್ನೂ ಜಾಸ್ತಿ. ಅವರಪ್ಪ ಐವತ್ತು ದಾಟುವ ಮೊದಲೇ ಹೃದಯಾಘಾತದಿಂದ ಹೋದವರು. ಅದನ್ನು ನಾನೇ ನೆನಪಿಸಬೇಕಾಯಿತು. ಅವನು ನೋಡುತ್ತಿದ್ದ ಚಾನೆಲ್‌ಗಳಲ್ಲಿ ಈ ಮೂರರ ಬಗ್ಗೆ ಯಾರೂ ಅವನ ಹತ್ತಿರ ಮಾತಾಡಿರಲಿಲ್ಲ. ಎಲ್ಲರೂ ನಾಲ್ಕು ವರ್ಷದ ಹಿಂದಿನ ಸೂಜಿಯ ಬಗ್ಗೆಯೇ ಮಾತಾಡಿದ್ದರು. ಹಾಕಿಸಿಕೊಂಡ ಲಸಿಕೆಯನ್ನು ವಾಪಸ್ ತೆಗೆಯೋಕೆ ಆಗುವುದಿಲ್ಲ. ಸಿಗರೇಟು ಬಿಡೋಕೆ ಆಗುತ್ತದೆ. ಬಿಪಿಗೆ ಮಾತ್ರೆ ಇದೆ. ಏನೂ ಮಾಡಲಾಗದ ಸಂಗತಿಯ ಮೇಲೆ ಭಯವನ್ನು ನಿಲ್ಲಿಸಿದೆವು. ಮಾಡಬಹುದಾದದ್ದರ ಕಡೆ ಅವನ ಕಣ್ಣು ಹೋಗಲೇ ಇಲ್ಲ. ಈ ಪ್ರಕರಣದಲ್ಲಿ ನನಗೆ ಎಲ್ಲಕ್ಕಿಂತ ನೋವು ಕೊಡುವುದು ಇದು.

ಆ ದಿನಗಳಲ್ಲಿ ಮೈಸೂರು ಮತ್ತು ಬೆಂಗಳೂರಿನ ಜಯದೇವ ಆಸ್ಪತ್ರೆಗಳ ಮುಂದೆ ಜನ ಮುಗಿಬಿದ್ದರು. ಬೆಳಗಿನ ಜಾವಕ್ಕೇ ಬಂದು ಸಾಲು ನಿಂತರು. ಪುನೀತ್ ರಾಜ್‌ಕುಮಾರ್ 2021ರ ಅಕ್ಟೋಬರ್ 29ರಂದು 46ನೇ ವಯಸ್ಸಿನಲ್ಲಿ ತೀರಿಕೊಂಡಾಗಲೂ ಹೀಗೇ ಆಗಿತ್ತು. ಸುಮ್ಮನೆ ಗಾಬರಿಯಾಗಿ ಬರಬೇಡಿ, ನಿಮ್ಮೂರಿನ ಆಸ್ಪತ್ರೆಯಲ್ಲೇ ಮೊದಲ ತಪಾಸಣೆ ಮಾಡಿಸಿ ಅಂತ ವೈದ್ಯರು ಮನವಿ ಮಾಡಿಕೊಳ್ಳಬೇಕಾಯಿತು. ಎದೆನೋವೇ ಇಲ್ಲದವರು ನೂರಾರು ಜನ ಸಾಲಿನಲ್ಲಿದ್ದರೆ, ನಿಜವಾಗಿ ಎದೆನೋವು ಬಂದವರು ಆ ಸಾಲನ್ನು ದಾಟಿಕೊಂಡು ಬರಬೇಕು. ಹೃದಯಾಘಾತದಲ್ಲಿ ಒಂದೊಂದು ನಿಮಿಷಕ್ಕೂ ಹೃದಯದ ಮಾಂಸ ಸಾಯುತ್ತಿರುತ್ತದೆ. ಅಲ್ಲಿ ತಡ ಅನ್ನುವುದೇ ಅಪಾಯ.

ಅದೇ ಹೊತ್ತಿನಲ್ಲಿ ಜನರಿಗೆ ತುರ್ತಾಗಿ ಗೊತ್ತಾಗಬೇಕಿದ್ದ ಒಂದು ಸಂಗತಿ ಬಹಳ ಕಡಿಮೆ ಕೇಳಿಸಿತು. ಪುನೀತ್ ಹೆಸರಿನಲ್ಲೇ ರಾಜ್ಯದಲ್ಲಿ ಹೃದಯಜ್ಯೋತಿ ಅಂತ ಒಂದು ಯೋಜನೆ ಇದೆ. ಯೋಜನೆಯಲ್ಲಿರುವ ಜಿಲ್ಲಾ, ತಾಲ್ಲೂಕು ಆಸ್ಪತ್ರೆಯಲ್ಲಿ ಇಸಿಜಿ ತೆಗೆಯುತ್ತಾರೆ. ಅದು ಜಯದೇವದಂಥ ದೊಡ್ಡ ಆಸ್ಪತ್ರೆಯ ತಜ್ಞರಿಗೆ ತಲುಪುತ್ತದೆ. ಹೃದಯಾಘಾತ ಅಂತ ಖಚಿತವಾದರೆ ಅಲ್ಲೇ ಟೆನೆಕ್ಟೆಪ್ಲೇಸ್ ಅನ್ನುವ ಇಂಜೆಕ್ಷನ್ ಕೊಡುತ್ತಾರೆ. ರಕ್ತನಾಳದಲ್ಲಿ ಸಿಕ್ಕಿಕೊಂಡ ಹೆಪ್ಪನ್ನು ಕರಗಿಸುವ ಔಷಧ ಅದು. ಹೊರಗೆ ಕೊಂಡರೆ ಹತ್ತಾರು ಸಾವಿರ ರೂಪಾಯಿ. ಇಲ್ಲಿ ಉಚಿತ. ಹಾಸನದ ಯಾವ ತಾಲ್ಲೂಕು ಆಸ್ಪತ್ರೆಯಲ್ಲಿ ಇದು ಇದೆ, ರಾತ್ರಿ ಹೊತ್ತು ಕೊಡುತ್ತಾರಾ, ಯಾವ ನಂಬರಿಗೆ ಫೋನ್ ಮಾಡಬೇಕು ಅನ್ನುವುದು ಆ 40 ದಿನ ಟಿವಿಯ ಕೆಳಗೆ ಓಡಿದ್ದರೆ, ಆ ಪಟ್ಟಿಗೆ ಒಂದು ಅರ್ಥ ಇರುತ್ತಿತ್ತು. ಎದೆನೋವು ಎಡಗೈಗೋ ದವಡೆಗೋ ಹರಡಿದರೆ, ಬೆವರು ಕಿತ್ತುಕೊಂಡು ಬಂದರೆ, ಗ್ಯಾಸ್ ಇರಬಹುದು ಅಂತ ಸೋಡಾ ಕುಡಿದು ಮಲಗಬೇಡಿ ಅಂತ ಹೇಳಲು 10 ಸೆಕೆಂಡ್ ಸಾಕು. ಮಧುಮೇಹ ಇದ್ದವರಿಗೆ, ಹೆಂಗಸರಿಗೆ ಕೆಲವು ಸಲ ಎದೆನೋವೇ ಬರದೆ ಬರೀ ಸುಸ್ತು, ಉಸಿರುಕಟ್ಟುವುದು, ಹೊಟ್ಟೆ ತೊಳಸುವುದು ಆಗುತ್ತದೆ ಅನ್ನಲು ಇನ್ನೊಂದು 10 ಸೆಕೆಂಡ್.

ವಿಜ್ಞಾನದ ಕಡೆಯಿಂದಲೂ ಒಂದು ಕೊರತೆ ಇದೆ. ಸುದ್ದಿ ನಿಮಿಷಗಳಲ್ಲಿ ಓಡುತ್ತದೆ, ಪುರಾವೆ ತಿಂಗಳುಗಳಲ್ಲಿ ನಡೆಯುತ್ತದೆ. ನಡುವೆ ಇರುವ ಆ ಖಾಲಿ ದಿನಗಳಲ್ಲಿ ಜನರ ಜೊತೆ ಮಾತಾಡುವವರು ಯಾರು? ನಮ್ಮ ವೈದ್ಯಕೀಯ ಕಾಲೇಜುಗಳಲ್ಲಿ, ಸಂಶೋಧನಾ ಸಂಸ್ಥೆಗಳಲ್ಲಿ ಸಾಂಕ್ರಾಮಿಕ ಶಾಸ್ತ್ರ (ಜನರ ನಡುವೆ ಕಾಯಿಲೆ ಎಷ್ಟು, ಯಾಕೆ ಅಂತ ನೋಡುವ ಶಾಸ್ತ್ರ) ಓದಿದವರು, ಸಂಖ್ಯಾಶಾಸ್ತ್ರ ಬಲ್ಲವರು, ಕನ್ನಡ ಮನೆಮಾತಾಗಿ ಉಳ್ಳವರು ಬೇಕಾದಷ್ಟು ಜನ ಇದ್ದಾರೆ. ವರದಿ ಬರಲಿ, ಆಮೇಲೆ ಮಾತಾಡೋಣ ಅಂತ ಹೆಚ್ಚಿನವರು ಸುಮ್ಮನಾಗುತ್ತಾರೆ. ಸರ್ಕಾರಿ ಕೆಲಸದಲ್ಲಿರುವವರಿಗೆ ಮೇಲಿನವರ ಅನುಮತಿ ಬೇಕು. ಟಿವಿಗೆ ಹೋದವರಿಗೆ ಚರ್ಚೆಯಲ್ಲಿ ಸಿಗುವುದು ಒಂದೂವರೆ ನಿಮಿಷ, ಎದುರಿಗೆ ಕೂಗುವ ಇಬ್ಬರು ವಕ್ತಾರರು. ಅಲ್ಲಿ ಹೋಲಿಕೆಯ ಗುಂಪು ಅಂದರೆ ಏನು ಅಂತ ವಿವರಿಸೋಕೆ ಆಗುತ್ತಾ? ಆದರೂ ಇನ್ನೂ ಕಾರಣ ಗೊತ್ತಿಲ್ಲದ ದಿನಗಳಲ್ಲೂ ಹೇಳುವುದು ಬಹಳ ಇರುತ್ತದೆ. ಈ ಸಂಖ್ಯೆ ಹೆಚ್ಚಾ ಅಂತ ತಿಳಿಯಲು ಏನೇನು ನೋಡಬೇಕು, ಅದನ್ನು ಯಾರು ನೋಡುತ್ತಿದ್ದಾರೆ, ಯಾವಾಗ ಗೊತ್ತಾಗಬಹುದು, ಅಲ್ಲಿಯವರೆಗೆ ನೀವು ಏನು ಮಾಡಬಹುದು. ಇದಿಷ್ಟನ್ನು ನೆಟ್ಟಗೆ ಕನ್ನಡದಲ್ಲಿ ಹೇಳುವ ವೈದ್ಯರ ಎರಡು ನಿಮಿಷದ ವಿಡಿಯೊ ನಮ್ಮ ಮನೆಯವರ ವಾಟ್ಸಾಪ್ ಗುಂಪಿನಲ್ಲಿ ಆ ಜುಲೈನಲ್ಲಿ ಬಂದದ್ದು ಒಂದೇ ಒಂದು ಸಲ. ಅದನ್ನು ಎಲ್ಲರೂ ನೋಡಿದರು. ಅತ್ತೆ ಅದನ್ನೇ ಎರಡು ಸಲ ಹಾಕಿ ಕೇಳಿದರು. ಜನರಿಗೆ ವಿಜ್ಞಾನ ಬೇಡ ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ.

ಈ ಗದ್ದಲದಿಂದ ಒಂದು ಒಳ್ಳೆಯದೂ ಆಯಿತು. ಆಸ್ಪತ್ರೆಯ ಹೊರಗೆ ಆಗುವ ಹಠಾತ್ ಸಾವುಗಳನ್ನು ಕಡ್ಡಾಯವಾಗಿ ವರದಿ ಮಾಡಬೇಕು, ಮರಣೋತ್ತರ ಪರೀಕ್ಷೆ ಮಾಡಬೇಕು ಅಂತ ರಾಜ್ಯ ಸರ್ಕಾರ ಪ್ರಕಟಿಸಿತು. ಚಾಲಕರ ಆರೋಗ್ಯ ತಪಾಸಣೆಯ ಮಾತೂ ಬಂತು. ಮೊದಲನೆಯದು ನಿಜವಾಗಿ ಜಾರಿಯಾದರೆ ಈ ಲೇಖನದಲ್ಲಿ ನಾನು ಅಂದಾಜಿನಲ್ಲಿ ಹಾಕಿದ ಲೆಕ್ಕವನ್ನು ಯಾರೂ ಅಂದಾಜಿನಲ್ಲಿ ಹಾಕಬೇಕಾಗುವುದಿಲ್ಲ. ಅದಕ್ಕೆ ತಾಲ್ಲೂಕುಗಳಲ್ಲಿ ಮರಣೋತ್ತರ ಪರೀಕ್ಷೆ ಮಾಡುವ ವೈದ್ಯರು ಬೇಕು. ದುಃಖದಲ್ಲಿರುವ ಮನೆಯವರಿಗೆ ಅದು ಯಾಕೆ ಬೇಕು ಅಂತ ಕೂತು ಹೇಳುವವರು ಬೇಕು. ಆ ಲೆಕ್ಕ ಕಡತದಲ್ಲಿ ಉಳಿಯದೆ ಪ್ರತಿ ತಿಂಗಳು, ಜಿಲ್ಲಾವಾರು, ಹಿಂದಿನ ವರ್ಷದ ಅದೇ ತಿಂಗಳ ಸಂಖ್ಯೆಯ ಜೊತೆಗೆ, ಕನ್ನಡದಲ್ಲಿ ಎಲ್ಲರಿಗೂ ಸಿಗಬೇಕು. ಮುಂದೆ ಯಾವುದೋ ಜಿಲ್ಲೆಯಿಂದ ಇಂಥದ್ದೇ ಸುದ್ದಿ ಬಂದ ದಿನ, ವರದಿಗಾರ ಫೋನಿನಲ್ಲೇ ಅದನ್ನು ತೆಗೆದು ನೋಡುವ ಹಾಗಿರಬೇಕು.